ಹಿಂದಿನ ಟಯರ್ ದಪ್ಪ ಆದರೆ ಗ್ರಿಪ್ ಹೆಚ್ಚಾಗುತ್ತಾ?

ಬಸವಕಲ್ಯಾಣ ಇರಲಿ, ಹುಮನಾಬಾದ್ ಇರಲಿ, ಸಣ್ಣ ಬೈಕಿನ ಹಿಂದಿನ ಟಯರ್ ಸವೆದು ಅಂಗಡಿಗೆ ಹೋದರೆ ಸಿಗೋ ಸಲಹೆ ಒಂದೇ: "ಕಂಪನಿ ಸೈಜ್ ಯಾಕ್ರಿ, ದಪ್ಪಂದು ಹಾಕಸ್ರಿ. ಗ್ರಿಪ್ ಛಲೋ ಸಿಗ್ತದ, ಗಾಡಿನೂ ಭಾರಿ ಕಾಣ್ತದ."

ಈ ಒಂದು ಮಾತಿನಲ್ಲಿ ಎರಡು ವಾದ ಸೇರಿಕೊಂಡಿವೆ. ಗಾಡಿ ಭಾರಿ ಕಾಣ್ತದ ಅನ್ನೋದು ನಿಜ, ಅದಕ್ಕೆ ತಕರಾರಿಲ್ಲ. ಗ್ರಿಪ್ ಹೆಚ್ಚಾಗ್ತದ ಅನ್ನೋದು ಮಾತ್ರ 100ರಿಂದ 200 ಸಿಸಿ ಗಾಡಿಗಳ ಮಟ್ಟಿಗೆ ಬಹುತೇಕ ಸುಳ್ಳು. ಎಷ್ಟೋ ಸಲ ದಪ್ಪ ಟಯರ್ ಹಾಕಿಸಿದ ಮೇಲೆ ಗಾಡಿ ನಿಧಾನ ಆಗುತ್ತದೆ, ತಿರುವಿಗೆ ಸಲೀಸಾಗಿ ವಾಲೋದಿಲ್ಲ, ಮಳೆಯಲ್ಲಿ ನಂಬಿಕೆಗೂ ಸಿಗೋದಿಲ್ಲ.

ನಾನು 150 ಸಿಸಿ ಗಾಡಿಯಲ್ಲಿ ಟ್ರ್ಯಾಕ್ ಡೇಗಳಿಗೆ ಹೋಗುವವನು. ಕೆಎ-56 ನಂಬರ್ ಪ್ಲೇಟಿನ ಹುಡುಗರು ಇತ್ತೀಚೆಗೆ ಮೆಸೇಜ್ ಮಾಡಿ ಕೇಳೋ ಪ್ರಶ್ನೆಗಳಲ್ಲಿ ಅರ್ಧದಷ್ಟು ಇದೊಂದರ ಬಗ್ಗೆಯೇ: "ಅಣ್ಣಾ, ಟ್ರ್ಯಾಕಿಗೆ ಹೋಗೋದದ, ಹಿಂದ 140 ಹಾಕಿಸ್ಲಾ?" ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಲೆಕ್ಕ ಸಮೇತ ಇಲ್ಲೇ ಬರೀತಿದ್ದೇನೆ. ಇದು ಬರೀ ಶೋಕಿಯ ವಿಷಯ ಅಂತ ಪಕ್ಕಕ್ಕಿಡಬೇಡಿ. ಇದರಲ್ಲಿ ದುಡ್ಡಿದೆ, ಮೈಕೈ ಮೂಳೆ ಇದೆ, ನಮ್ಮ ಜಿಲ್ಲೆಗೆ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಅನ್ನೋ ಪ್ರಶ್ನೆಯೂ ಇದೆ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ

ಗೊತ್ತಿಲ್ಲದವರಿಗಾಗಿ ಎರಡು ಮಾತು. ಟ್ರ್ಯಾಕ್ ಡೇ ಅಂದರೆ ದುಡ್ಡು ಕಟ್ಟಿ, ನಮ್ಮದೇ ಗಾಡಿಯನ್ನು ಮುಚ್ಚಿದ ಟ್ರ್ಯಾಕಿನಲ್ಲಿ ಓಡಿಸೋ ದಿನ. ಎದುರಿನಿಂದ ಲಾರಿ ಬರೋದಿಲ್ಲ, ನಡುವೆ ಎಮ್ಮೆ ನುಗ್ಗೋದಿಲ್ಲ, ಬಿದ್ದರೆ ಎತ್ತಿಕೊಂಡು ಹೋಗಲು ಆಂಬುಲೆನ್ಸ್ ನಿಂತಿರುತ್ತದೆ. ಲ್ಯಾಪ್‌ಗೆ ಬಹುಮಾನ ಇಲ್ಲ. ಬ್ರೇಕ್ ಎಲ್ಲಿ ಹಿಡಿಯಬೇಕು, ತಿರುವಿಗೆ ಎಲ್ಲಿಂದ ಇಳಿಯಬೇಕು, ಆಕ್ಸಿಲರೇಟರ್ ಯಾವಾಗ ಕೊಡಬೇಕು ಅನ್ನೋದನ್ನು ಕಲಿಯೋದೇ ಗುರಿ.

ದಕ್ಷಿಣದಲ್ಲಿ ಇದಕ್ಕೆ ಹೆಸರಾದ ಜಾಗಗಳು ಎರಡು. ಒಂದು, ಚೆನ್ನೈ ಹತ್ತಿರ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್, ಸುಮಾರು 3.7 ಕಿ.ಮೀ. ಉದ್ದ. ಇನ್ನೊಂದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, 2.1 ಕಿ.ಮೀ. ಮೊದಲನೆಯದರಲ್ಲಿ ವೇಗ ಹೆಚ್ಚು. ಎರಡನೆಯದು ಚಿಕ್ಕದು, ತಿರುವಿನ ಹಿಂದೆ ತಿರುವು. ಎರಡರಲ್ಲೂ ಸಣ್ಣ ಗಾಡಿಯ ಸವಾರನಿಗೆ ಲಾಭ ಆಗೋದು ತಿರುವಿನಲ್ಲಿ ವೇಗ ಉಳಿಸಿಕೊಂಡರೆ ಮಾತ್ರ. ಎಂಜಿನ್ನಿನಲ್ಲಿ ಬಲ ಇಲ್ಲದ ಕಾರಣ, ಒಮ್ಮೆ ಕಳೆದ ವೇಗವನ್ನು ಮರಳಿ ಕಟ್ಟಿಕೊಳ್ಳಲು ತುಂಬಾ ಹೊತ್ತು ಬೇಕಾಗುತ್ತದೆ. ಟಯರಿನ ಪ್ರಶ್ನೆ ಇಲ್ಲಿಂದಲೇ ಶುರು.

ಟಯರಿನ ಮೈಮೇಲಿನ ಅಂಕಿ ಏನು ಹೇಳುತ್ತದೆ

130/70-17 ಅಂತ ಬರೆದಿದ್ದರೆ 130 ಅಂದರೆ ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಟಯರಿನ ಪಕ್ಕೆಯ ಎತ್ತರ, ಆ ಅಗಲದ ಶೇಕಡಾ 70, ಅಂದರೆ 91 ಮಿ.ಮೀ. 17 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಪಕ್ಕದಲ್ಲೇ 62ಪಿ, 61ಎಸ್ ಅನ್ನೋ ಥರ ಇನ್ನೊಂದು ಗುರುತು ಇರುತ್ತದೆ. ಅಂಕಿ ಭಾರದ ಮಿತಿ: 61 ಅಂದರೆ 257 ಕೆ.ಜಿ., 62 ಅಂದರೆ 265 ಕೆ.ಜಿ. ಅಕ್ಷರ ವೇಗದ ಮಿತಿ: ಪಿ ಅಂದರೆ ಗಂಟೆಗೆ 150 ಕಿ.ಮೀ., ಎಸ್ ಅಂದರೆ 180, ಎಚ್ ಅಂದರೆ 210. ಮತ್ತೊಂದು ಕಡೆ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಕಾಣುತ್ತವೆ. 2324 ಅಂತಿದ್ದರೆ ಆ ಟಯರ್ ತಯಾರಾದದ್ದು 2024ರ 23ನೇ ವಾರದಲ್ಲಿ. ಸಣ್ಣ ಊರಿನ ಅಂಗಡಿಯಲ್ಲಿ ಮಾರಾಟವಾಗದೆ ಕೂತ ಸೈಜುಗಳು ವರ್ಷಗಟ್ಟಲೆ ಗೋಡೆಗೆ ನೇತಾಡುತ್ತಿರುತ್ತವೆ. ರಬ್ಬರ್ ಗಟ್ಟಿಯಾದ ಹಳೇ 140ಕ್ಕಿಂತ ಹೊಸ 110 ಎಷ್ಟೋ ವಾಸಿ. ಅಂಗಡಿಯವರನ್ನು ಕೇಳೋಕೆ ಸಂಕೋಚ ಬೇಡ, ಮೊಬೈಲ್ ಟಾರ್ಚ್ ಹಾಕಿ ನೀವೇ ಓದಿಕೊಳ್ಳಿ.

ಮೊದಲು ರಿಮ್, ಆಮೇಲೆ ಟಯರ್

ಗಾಡಿ ಮೇಲಿರೋ ಟಯರಿನ ಅಗಲ ನೋಡೋ ನಾವು ಅದು ಕೂತಿರೋ ರಿಮ್ಮಿನ ಅಗಲ ನೋಡೋದಿಲ್ಲ. ಅಲಾಯ್ ಚಕ್ರದ ಮೇಲೆ 17×ಎಂಟಿ 2.50, 17×ಎಂಟಿ 3.50 ಅಂತ ಅಚ್ಚು ಹಾಕಿರುತ್ತಾರೆ. ಅದರಲ್ಲಿ 2.50, 3.50 ಅನ್ನೋದು ರಿಮ್ಮಿನ ಒಳ ಅಗಲ, ಇಂಚಿನಲ್ಲಿ.

ಅಗಲದ ಟಯರನ್ನು ಕಿರಿದಾದ ರಿಮ್ಮಿಗೆ ಹಾಕಿದರೆ ಏನಾಗುತ್ತದೆ? ಎರಡೂ ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ನೆತ್ತಿ ಚೂಪಾಗುತ್ತದೆ. ಅಂಚಿನಲ್ಲಿರೋ ರಬ್ಬರ್ ನೆಲದ ಕಡೆ ಇರೋ ಬದಲು ಪಕ್ಕಕ್ಕೆ ತಿರುಗಿಬಿಡುತ್ತದೆ. ನೀವು ಎಷ್ಟೇ ವಾಲಿಸಿದರೂ ಆ ಅಂಚು ನೆಲ ಮುಟ್ಟೋದಿಲ್ಲ. ಅಂದರೆ ದುಡ್ಡು ಕೊಟ್ಟಿದ್ದು 140 ಮಿ.ಮೀ.ಗೆ, ಕೆಲಸಕ್ಕೆ ಬರೋದು ಅದಕ್ಕಿಂತ ಎಷ್ಟೋ ಕಡಿಮೆ. ಮೇಲಿಂದ, ರಿಮ್ಮಿನ ಆಧಾರ ಸಾಕಾಗದೆ ಪಕ್ಕೆಗಳು ತಿರುವಿನಲ್ಲಿ ಅತ್ತಿತ್ತ ತೂಗುತ್ತವೆ. "ಹಿಂದ ಗಾಡಿ ಹೊಯ್ದಾಡ್ದಂಗ ಆಗ್ತದ" ಅಂತ ಹೇಳೋರು ತುಂಬಾ ಜನ. ಸಸ್ಪೆನ್ಷನ್ ಬಿಚ್ಚಿಸೋ ಮೊದಲು ಅವರು ರಿಮ್ ಮೇಲಿನ ಅಂಕಿ ಓದೋದು ಒಳ್ಳೇದು.

ಕಂಪನಿಗಳು ಇದನ್ನು ಹೇಗೆ ಮಾಡುತ್ತವೆ ನೋಡಿ. ಯಮಾಹಾ 2008ರಲ್ಲಿ ತಂದ ಮೊದಲ ಆರ್15ರ ಹಿಂದಿನ ಟಯರ್ 100/80-17. 2011ರ ಎರಡನೇ ಆವೃತ್ತಿಯಲ್ಲಿ ಅದು 130/70-17 ಆಯಿತು. ಆದರೆ ಟಯರ್ ಒಂದೇ ಬದಲಾಗಲಿಲ್ಲ. ರಿಮ್ ಅಗಲವಾಯಿತು, ಸ್ವಿಂಗ್‌ಆರ್ಮ್ ಹೊಸದಾಗಿ ಅಲ್ಯುಮಿನಿಯಂನಲ್ಲಿ ಬಂತು, ಎರಡು ಚಕ್ರಗಳ ನಡುವಿನ ಅಂತರವೂ ಹೆಚ್ಚಿತು. ಕವಾಸಾಕಿಯೂ ಹಾಗೇ: ನಿಂಜಾ 250ರಲ್ಲಿ 3.50 ರಿಮ್ಮಿಗೆ 130/70-17, ನಿಂಜಾ 300ರಲ್ಲಿ 4.00 ರಿಮ್ಮಿಗೆ 140/70-17. ಹತ್ತೇ ಮಿಲಿಮೀಟರ್ ಹೆಚ್ಚಿಸೋಕೆ ರಿಮ್ ಅರ್ಧ ಇಂಚು ಹಿಗ್ಗಿತು. ನಮ್ಮಲ್ಲಿ 2.50 ರಿಮ್ಮಿಗೆ 140 ತುರುಕಿ "ಆರಾಮ್ ಕೂತದ" ಅಂತಾರೆ. ಕೂರೋದು ಬೇರೆ, ಕೆಲಸ ಮಾಡೋದು ಬೇರೆ.

ಅಗಲ ಹೆಚ್ಚಿದರೆ ನೆಲ ಹೆಚ್ಚು ಮುಟ್ಟುತ್ತಾ?

ಎಲ್ಲರ ತಲೆಯಲ್ಲಿರೋ ಚಿತ್ರ ಇದು: ದಪ್ಪ ಟಯರ್, ಹೆಚ್ಚು ರಬ್ಬರ್ ನೆಲದ ಮೇಲೆ, ಹೆಚ್ಚು ಹಿಡಿತ. ಲೆಕ್ಕ ಹಾಕೋಣ.

ಗಾಡಿ, ಸವಾರ ಸೇರಿ 210 ಕೆ.ಜಿ. ಇದ್ದು, ಹಿಂದಿನ ಚಕ್ರದ ಮೇಲೆ 110 ಕೆ.ಜಿ. ಬೀಳುತ್ತದೆ ಅಂದುಕೊಳ್ಳಿ. ಟಯರಿನಲ್ಲಿ 28 ಪಿಎಸ್‌ಐ ಗಾಳಿ, ಅಂದರೆ ಪ್ರತಿ ಚದರ ಸೆಂ.ಮೀ.ಗೆ ಹೆಚ್ಚುಕಡಿಮೆ 2 ಕೆ.ಜಿ. ಒತ್ತಡ. ಆ ಭಾರ ಹೊರಲು ಬೇಕಾಗೋ ಜಾಗ ಸುಮಾರು 55 ಚದರ ಸೆಂ.ಮೀ., ಮೂರು ಬೆಂಕಿಪೊಟ್ಟಣ ಜೋಡಿಸಿಟ್ಟಷ್ಟು. ಟಯರ್ 110 ಇದ್ದರೂ 140 ಇದ್ದರೂ ಭಾರ ಅದೇ, ಗಾಳಿ ಅದೇ, ಆದ್ದರಿಂದ ನೆಲ ಮುಟ್ಟೋ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಪಕ್ಕೆಯ ಗಡಸುತನದಿಂದ ಸ್ವಲ್ಪ ಆಚೀಚೆ ಆಗಬಹುದು. ಬದಲಾಗೋದು ಮುಖ್ಯವಾಗಿ ಆ ಜಾಗದ ಆಕಾರ: ಕಿರಿದಾದ ಟಯರಿನಲ್ಲಿ ಉದ್ದಕ್ಕೆ, ಅಗಲದ ಟಯರಿನಲ್ಲಿ ಅಡ್ಡಕ್ಕೆ.

ಹಾಗಾದರೆ ಲೀಟರ್ ಬೈಕುಗಳಿಗೆ 190, 200 ಯಾಕೆ? ಅಲ್ಲಿ 200 ಕುದುರೆ ಬಲ ಒಂದೇ ಚಕ್ರದ ಮೂಲಕ ನೆಲಕ್ಕಿಳಿಯಬೇಕು. ಅದರ ಶಾಖ, ಸವೆತ ತಡೆಯಲು ಅಷ್ಟು ರಬ್ಬರ್ ಬೇಕು. ನಮ್ಮ 15ರಿಂದ 20 ಪಿಎಸ್ ಗಾಡಿಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ರಬ್ಬರ್ ಹಿಡಿಯೋದು ಬಿಸಿಯಾದ ಮೇಲೆ. ಕಡಿಮೆ ಬಲದ, ಕಡಿಮೆ ಭಾರದ ಗಾಡಿಗೆ ದೊಡ್ಡ ಟಯರನ್ನು ಬಿಸಿ ಮಾಡೋ ಶಕ್ತಿಯೇ ಇರೋದಿಲ್ಲ. ಸೆಷನ್ ಮುಗಿಸಿ ಬಂದು ಟಯರ್ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ: ಸರಿಯಾದ ಅಗಲದ್ದು ಕೈಗೆ ಚೆನ್ನಾಗಿ ಬಿಸಿ ತಾಗುತ್ತದೆ, ಅಂಚಿನವರೆಗೆ ಉಜ್ಜಿದ ಗುರುತಿರುತ್ತದೆ. ದಪ್ಪಂದು ಉಗುರುಬೆಚ್ಚಗೆ, ಅಂಚು ಹೊಸದರಂತೆ ಹೊಳೀತಿರುತ್ತದೆ.

ಕಳೆದುಕೊಳ್ಳೋದು ಏನೇನು

ಮೊದಲನೆಯದು ಎಳೆತ. 100/80-17 ಟಯರಿನ ಒಟ್ಟು ವ್ಯಾಸ ಸುಮಾರು 592 ಮಿ.ಮೀ. 140/70-17ರದ್ದು ಸುಮಾರು 628. ವ್ಯಾಸ ಶೇಕಡಾ 6ರಷ್ಟು ಹೆಚ್ಚಾಯಿತು. ಹಿಂದಿನ ಸ್ಪ್ರಾಕೆಟ್‌ನಲ್ಲಿ 42 ಹಲ್ಲಿದ್ದರೆ ಸುಮಾರು ಎರಡೂವರೆ ಹಲ್ಲು ಕಿತ್ತು ಹಾಕಿದ ಹಾಗೆ. ಮೊದಲೇ ಉಸಿರು ಕಡಿಮೆ ಇರೋ ಎಂಜಿನ್, ತಿರುವಿನಿಂದ ಹೊರಬರುವಾಗ ಇನ್ನೂ ಏದುಸಿರು ಬಿಡುತ್ತದೆ. ಸಾಲದ್ದಕ್ಕೆ ಟಯರಿನ ಹೆಚ್ಚುವರಿ ತೂಕ ಇರೋದು ಚಕ್ರದ ಹೊರ ಅಂಚಿನಲ್ಲಿ. ಅದನ್ನು ತಿರುಗಿಸೋದೂ ಕಷ್ಟ, ನಿಲ್ಲಿಸೋದೂ ಕಷ್ಟ.

ಎರಡನೆಯದು ಗಾಡಿಯ ನಿಲುವು. ಅದೇ ಬದಲಾವಣೆಯಿಂದ ಹಿಂಭಾಗ 18 ಮಿ.ಮೀ. ಎತ್ತರಕ್ಕೇರುತ್ತದೆ. ಭಾರ ಮುಂದಕ್ಕೆ ಸರಿಯುತ್ತದೆ, ಜೋರಾಗಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಹಗುರವಾಗುತ್ತದೆ. ಮುಂದಿನ ಟಯರ್ ಅದೇ ಹಳೇ 80 ಮಿ.ಮೀ.ದು. ಹಿಂದೆ ನೋಡಿದರೆ ಆನೆ, ಮುಂದೆ ನೋಡಿದರೆ ಆಡು. ಬ್ರೇಕ್ ಹಿಡಿದು ತಿರುವಿಗೆ ಇಳಿಯುವಾಗ ಮೊದಲು ಜಾರೋದು ಮುಂದಿನ ಚಕ್ರ. ಅದಕ್ಕೆ ಹಿಂದಿನ ದಪ್ಪ ಟಯರಿನಿಂದ ಯಾವ ಉಪಯೋಗವೂ ಇಲ್ಲ.

ಮೂರನೆಯದು ವಾಲಿಕೆ. ಗಾಡಿ ವಾಲಿದಾಗ ಟಯರ್ ನೆಲ ಮುಟ್ಟೋ ಜಾಗ ಮಧ್ಯದಿಂದ ಪಕ್ಕಕ್ಕೆ ಸರಿಯುತ್ತದೆ. ಟಯರ್ ಅಗಲವಾದಷ್ಟೂ ಹೆಚ್ಚು ಸರಿಯುತ್ತದೆ. ಆಗ ಅದೇ ವೇಗದಲ್ಲಿ ಅದೇ ತಿರುವು ತೆಗೆದುಕೊಳ್ಳಲು ಇನ್ನಷ್ಟು ವಾಲಬೇಕು. ಸಣ್ಣ ಗಾಡಿಗೆ ನಾನು ಹಾಕಿದ ಲೆಕ್ಕದಲ್ಲಿ, 110ರಿಂದ 140ಕ್ಕೆ ಹೋದರೆ 45 ಡಿಗ್ರಿ ವಾಲಿಕೆಯ ಹತ್ತಿರ ಒಂದು ಡಿಗ್ರಿ ಆಸುಪಾಸು. ಕಡಿಮೆ ಅನ್ನಿಸಬಹುದು. ಆದರೆ ಫುಟ್‌ಪೆಗ್ ಆಗಲೇ ನೆಲ ಕೆರೀತಿರೋ ಗಾಡಿಗೆ ಆ ಒಂದು ಡಿಗ್ರಿ ಎಲ್ಲಿಂದ ತರೋದು?

ನಾಲ್ಕನೆಯದು ಜಾಗ. ದಪ್ಪ ಟಯರ್ ಚೈನಿಗೆ, ಸ್ವಿಂಗ್‌ಆರ್ಮಿಗೆ, ಮಡ್‌ಗಾರ್ಡಿಗೆ ಹತ್ತಿರವಾಗುತ್ತದೆ. ಸ್ಟ್ಯಾಂಡ್ ಹಾಕಿ ಕೈಯಿಂದ ತಿರುಗಿಸಿದಾಗ ತಾಗದೇ ಇರಬಹುದು. ವೇಗದಲ್ಲಿ, ಶಾಖದಲ್ಲಿ ಟಯರ್ ಉಬ್ಬಿದಾಗ ತಾಗಿದರೆ ಗತಿ?

48 ಪಿಎಸ್‌ಗೆ 115 ಮಿ.ಮೀ. ಸಾಕು

ಇಷ್ಟೆಲ್ಲ ಹೇಳಿದರೂ ಒಪ್ಪದವರಿಗೆ ಒಂದು ಉದಾಹರಣೆ. ಹೋಂಡಾದ ಎನ್ಎಸ್ಎಫ್250ಆರ್ ರೇಸಿಗೆಂದೇ ಹುಟ್ಟಿದ ಗಾಡಿ. ತೂಕ 84 ಕೆ.ಜಿ., ಬಲ ಸುಮಾರು 48 ಪಿಎಸ್. ಇರುಂಗಾಟ್ಟುಕೋಟೈನಲ್ಲಿ ಹೋಂಡಾ ಇಂಡಿಯಾ ಟ್ಯಾಲೆಂಟ್ ಕಪ್‌ನ ಹುಡುಗರು ಓಡಿಸಿದ್ದು ಇದನ್ನೇ. ಅದರ ಹಿಂದಿನ ಟಯರ್ 115/75-17, ಮುಂದಿನದು 95/75-17. ವಿಶ್ವ ಚಾಂಪಿಯನ್‌ಶಿಪ್‌ನ ಮೋಟೋ3 ಗಾಡಿಗಳು ಬಹಳ ವರ್ಷ ಓಡಿದ್ದು ಇದೇ ಅಗಲದಲ್ಲಿ. 2024ರಲ್ಲಿ ಪಿರೆಲ್ಲಿ ಟಯರ್ ಬಂದ ಮೇಲೂ ಹಿಂದಿನದು 120ರಷ್ಟೇ.

ನಮ್ಮ ಗಾಡಿಯ ಎರಡು-ಮೂರು ಪಟ್ಟು ಬಲ ಇರೋ ಗಾಡಿಗೆ 115 ಸಾಕಾದರೆ, ನಮಗೆ 140 ಯಾಕೆ ಬೇಕು? ಅವರ ರಬ್ಬರ್ ಬೇರೆ, ಅದು ಸ್ಲಿಕ್ ಟಯರ್ ಅಂತ ನೀವು ಹೇಳಬಹುದು. ನಾನೂ ಅದನ್ನೇ ಹೇಳ್ತಿರೋದು. ಹಿಡಿತ ಬರೋದು ರಬ್ಬರಿನ ಗುಣದಿಂದ, ಶಾಖದಿಂದ, ಗಾಳಿಯಿಂದ, ರಿಮ್ಮಿನ ಮೇಲೆ ಟಯರಿಗೆ ಸಿಗೋ ಆಕಾರದಿಂದ. ಅಗಲದ್ದು ಕೊನೆಯ ಸಾಲು.

ಹಾಗಾದರೆ ಏನು ಹಾಕಿಸಬೇಕು?

ಟಯರ್ ಕಂಪನಿಗಳು ಪ್ರತಿ ಸೈಜಿಗೂ ಯಾವ ರಿಮ್ ಸೂಕ್ತ ಅನ್ನೋ ಪಟ್ಟಿ ಕೊಡುತ್ತವೆ. ಕೊನೆಯ ಮಾತು ಅದರದ್ದೇ. ಹೆಬ್ಬೆರಳಿನ ಲೆಕ್ಕಕ್ಕೆ ಇಷ್ಟು ನೆನಪಿಟ್ಟುಕೊಳ್ಳಿ:

- 2.15 ರಿಮ್: 90ರಿಂದ 100
- 2.50 ರಿಮ್: 100ರಿಂದ 110
- 3.00 ರಿಮ್: 110ರಿಂದ 120
- 3.50 ರಿಮ್: 130/70
- 4.00 ರಿಮ್: 140/70 ಅಥವಾ 150/60

ಎರಡು ಸೈಜು ಸರಿಹೊಂದೋ ಕಡೆ, ಟ್ರ್ಯಾಕಿಗೆ ಚಿಕ್ಕದನ್ನು ಆರಿಸಿ. ಮೆತ್ತನೆ ರಬ್ಬರಿನ ಒಳ್ಳೇ ಟಯರ್ ನಿಮ್ಮ ಸೈಜಿನಲ್ಲಿ ಸಿಗದೆ ಒಂದು ಸೈಜ್ ಮೇಲೆ ಮಾತ್ರ ಸಿಗುತ್ತಿದ್ದರೆ, ರಿಮ್ ಒಪ್ಪುವ ಮಿತಿಯೊಳಗಿದ್ದರೆ, ಅದನ್ನು ತಗೊಳ್ಳಿ. ದಪ್ಪಕ್ಕೆ ಮೇಲೆ ಹೋಗಲು ಒಪ್ಪಬಹುದಾದ ಕಾರಣ ಅದೊಂದೇ. ಉಳಿದ ದುಡ್ಡನ್ನು ಮುಂದಿನ ಟಯರಿಗೆ ಹಾಕಿ. ಹಿಂದಿನದು ಹೊಸದು, ಮುಂದಿನದು ಸವೆದದ್ದು ಅನ್ನೋ ಜೋಡಿಗಿಂತ ಅಪಾಯದ್ದು ಇನ್ನೊಂದಿಲ್ಲ.

ಆಮೇಲೆ ಗಾಳಿ. ಪ್ರತಿ 10 ಡಿಗ್ರಿ ಶಾಖ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಅದಕ್ಕೇ ಟ್ರ್ಯಾಕಿನಲ್ಲಿ ರಸ್ತೆಗಿಂತ ಸ್ವಲ್ಪ ಕಡಿಮೆಯಿಂದ ಶುರು ಮಾಡಿ, ಸೆಷನ್ ಮುಗಿಸಿ ಒಳಗೆ ಬಂದ ತಕ್ಷಣ ಅಳೆದು ಸರಿಪಡಿಸುತ್ತಾರೆ. ಮನೆಗೆ ಹೊರಡೋ ಮೊದಲು ಕಂಪನಿ ಹೇಳಿದ ಅಳತೆಗೆ ಮತ್ತೆ ತುಂಬಿಸೋದು ಮರೀಬೇಡಿ. ಒಂದು ಒಳ್ಳೇ ಪ್ರೆಷರ್ ಗೇಜ್ ಜೇಬಿನಲ್ಲಿದ್ದರೆ 140 ಟಯರಿಗಿಂತ ಹೆಚ್ಚು ಗ್ರಿಪ್ ಕೊಡುತ್ತದೆ.

ಟ್ರ್ಯಾಕ್ ದೂರ, ಹೆದ್ದಾರಿ ಹತ್ತಿರ

ಈಗ ನಮ್ಮೂರಿನ ಮಾತು. ಪುಣೆ-ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ನಮ್ಮ ಎರಡೂ ತಾಲ್ಲೂಕುಗಳನ್ನು ಸೀಳಿಕೊಂಡು ಹೋಗುತ್ತದೆ. ಹುಮನಾಬಾದಿನಿಂದ ಅದೇ ರಸ್ತೆಯಲ್ಲಿ ಹೈದರಾಬಾದ್ ಕಡೆ ಹೊರಟು ಜಹೀರಾಬಾದ್ ದಾಟಿದರೆ ಸದಾಶಿವಪೇಟೆಯಲ್ಲಿ ಎಂಆರ್‌ಎಫ್ ಟಯರ್ ಕಾರ್ಖಾನೆ ಇದೆ. ಟಯರ್ ತಯಾರಾಗೋದು ನಮ್ಮ ಪಕ್ಕದಲ್ಲಿ, ಅದನ್ನು ಸುರಕ್ಷಿತವಾಗಿ ಓಡಿಸಿ ಕಲಿಯೋ ಜಾಗ ಇರೋದು ಇನ್ನೊಂದು ರಾಜ್ಯದ ಆ ತುದಿಗೆ. ಗಾಡಿಯನ್ನು ಅಲ್ಲಿಗೆ ಸಾಗಿಸೋ ಖರ್ಚು, ಟ್ರ್ಯಾಕ್ ಶುಲ್ಕ, ಸೂಟು, ಬೂಟು, ಎರಡು-ಮೂರು ದಿನದ ದುಡಿಮೆ ನಷ್ಟ, ಎಲ್ಲ ಸೇರಿದರೆ ಇದು ಯಾರ ಮಕ್ಕಳಿಗೆ ಸಾಧ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೆದ್ದಾರಿಯೇ ಟ್ರ್ಯಾಕ್.

ಹೆದ್ದಾರಿಯಲ್ಲಿ ರೇಸ್ ಆಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಜೈಲಿಗೂ ಅವಕಾಶ. ತಯಾರಕರು ನಿಗದಿಪಡಿಸಿದ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸೋದನ್ನು ತಡೆಯಲು 52ನೇ ಸೆಕ್ಷನ್ ಇದೆ. ಶಿಕ್ಷೆಯ ಬಾಗಿಲು ತೆರೆದೇ ಇದೆ. ಕಲಿಯೋ ಬಾಗಿಲು ಎಲ್ಲಿ?

ಕರ್ನಾಟಕಕ್ಕೆ ಈ ಕ್ರೀಡೆ ಹೊಸದಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ಬೈಕ್ ಸವಾರ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಇಬ್ಬರೂ ರಾಜಧಾನಿಯವರು. ಬೀದರ್ ಜಿಲ್ಲೆಯ ಹುಡುಗ, ಹುಡುಗಿಗೆ ಗಾಡಿ ಹುಚ್ಚು ಕಡಿಮೆ ಇಲ್ಲ, ದಾರಿ ಇಲ್ಲ ಅಷ್ಟೇ.

ಸರ್ಕಾರ ಇಲ್ಲಿ ರೇಸ್ ಟ್ರ್ಯಾಕ್ ಕಟ್ಟಿಸಲಿ ಅಂತ ನಾನು ಕೇಳ್ತಿಲ್ಲ. ಶಾಲೆ, ಆಸ್ಪತ್ರೆ, ಕುಡಿಯೋ ನೀರು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ 371(ಜೆ) ಬಂದು ಹತ್ತು ವರ್ಷ ದಾಟಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಜಿಲ್ಲೆಗೊಂದು ಸುತ್ತಲೂ ಬೇಲಿ ಇರೋ ಡಾಂಬರು ಅಂಗಳ, ಅಲ್ಲಿ ವಾರಕ್ಕೊಮ್ಮೆ ಬ್ರೇಕ್ ಹಿಡಿಯೋದು, ತಿರುವು ತೆಗೆಯೋದು ಹೇಳಿಕೊಡೋ ಒಬ್ಬ ತರಬೇತುದಾರ. ಇಷ್ಟಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಡ್ರೈವಿಂಗ್ ಲೈಸೆನ್ಸ್ ಕೊಡುವಾಗ ಎಂಟರ ಆಕಾರ ಹಾಕಿಸಿ ಕಳಿಸೋ ವ್ಯವಸ್ಥೆ, ಗಂಟೆಗೆ 80ರ ವೇಗದಲ್ಲಿ ಬ್ರೇಕ್ ಹೇಗೆ ಹಿಡಿಯಬೇಕು ಅಂತ ಯಾರಿಗೂ ಕಲಿಸೋದಿಲ್ಲ. ಅದನ್ನು ಹೆದ್ದಾರಿ ಕಲಿಸುತ್ತದೆ, ಅದರ ಶುಲ್ಕ ದುಬಾರಿ.

ಆ ಅಂಗಳ ಬರೋವರೆಗೆ ನಿಮ್ಮ ಕೈಯಲ್ಲಿರೋದು ಇಷ್ಟು: ಗಾಡಿಗೆ ಸ್ಟ್ಯಾಂಡ್ ಹಾಕಿ, ರಿಮ್ ಮೇಲಿನ ಅಂಕಿ ಓದಿ, ಟಯರಿನ ವಯಸ್ಸು ನೋಡಿ, ಗಾಳಿ ಅಳೆಯಿರಿ. ಮುಂದಿನ ಸಲ ಅಂಗಡಿಯಲ್ಲಿ "ದಪ್ಪಂದು ಹಾಕಸ್ರಿ" ಅಂದರೆ, "ರಿಮ್ ಎಷ್ಟದ ನೋಡ್ರಿ ಮೊದ್ಲು" ಅನ್ನಿ.